ಜೀರಿಗೆಯಷ್ಟು ಕಲೆ

ಏಳನೆಯ ಕಂತು

"ಸೈನ್ ಹಾಕಮ್ಮ. ಹಾಕ್ಬುಟ್ಟು ಮನೆಗೆ ಹೋಗು."

ರವಿಕಿರಣ್ ಕಾಗದವನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದ. ಅದರ ಮೇಲೆ ಪೆನ್ನನ್ನೂ ಇಟ್ಟ. ಮುಚ್ಚಳ ತೆಗೆದೇ ಇಟ್ಟ. ಎಷ್ಟು ಕಾಳಜಿ ನೋಡಿ!

ಸುಷ್ಮಿತಾ ಪೆನ್ನನ್ನು ಕೈಗೆತ್ತಿಕೊಂಡಳು. ಹಾಕೇಬಿಡುತ್ತಾಳೆ ಅಂದುಕೊಂಡೆ. ಅವಳು ಅದಕ್ಕೆ ಮುಚ್ಚಳ ಹಾಕಿ ಅವನ ಕಡೆಗೇ ಉರುಳಿಸಿದಳು.

"ಗಣೇಶನ ಹಬ್ಬದ ವಾರ ನಿಮ್ಮ ಸ್ಟುಡಿಯೋದಿಂದ ನಾನು ಒಂದು ಲೆನ್ಸ್ ಮುಚ್ಚಳಾನೂ ತಗಂಡ್ಹೋಗಿಲ್ಲ ಸಾರ್. ಹಾಕಲ್ಲ."

ಶಹಬ್ಬಾಸ್ ಅಂದುಕೊಂಡೆ. ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೆ.

ಇವತ್ತೇ ಮೊದಲು ಓದುತ್ತಿರುವವರಿಗೆ ಇಷ್ಟು ಸಾಕು: ದಂಡಿನಶಿವರದ ಈ ಹುಡುಗಿ ತಿಪಟೂರಿನ ಮಯೂರಾಕ್ಷಿ ಡಿಜಿಟಲ್ಸ್‌ನಲ್ಲಿ ಮದುವೆ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತಿದ್ದುತ್ತಿದ್ದಳು. ಗಣೇಶನ ಹಬ್ಬದ ವಾರ ಅಲ್ಲಿಂದ ಒಂದು ದೊಡ್ಡ ಕ್ಯಾಮೆರಾ ಕಾಣೆಯಾಯಿತು. ಕಳ್ಳಿ ಇವಳೇ ಎಂದು ಮಾಲೀಕ ರವಿಕಿರಣ್ ದೂರು ಕೊಟ್ಟ. ಪೊಲೀಸರಿಗಲ್ಲ, ವಾಟ್ಸಾಪಿಗೆ. ಮೂರು ತಾಲ್ಲೂಕಿನ ಫೋಟೋಗ್ರಾಫರ್‌ಗಳ ಗ್ರೂಪಿನಲ್ಲಿ ಅವಳ ಮುಖ, ಕೆಳಗೆ ಕೆಂಪಕ್ಷರದಲ್ಲಿ "ಎಚ್ಚರಿಕೆ". ನಾಲ್ಕು ತಿಂಗಳಿಂದ ತುರುವೇಕೆರೆಯಿಂದ ಚಿಕ್ಕನಾಯಕನಹಳ್ಳಿಯವರೆಗೆ ಒಬ್ಬ ಸ್ಟುಡಿಯೋದವನೂ ಅವಳಿಗೆ ಕೆಲಸ ಕೊಟ್ಟಿಲ್ಲ.

ನಾನು ಗಂಗಲಕ್ಷ್ಮಿ. ಇಪ್ಪತ್ತೇಳು ವರ್ಷ ಪೊಲೀಸ್ ಇಲಾಖೆಯಲ್ಲಿದ್ದೆ. ಸಾಹೇಬರು ತೋರಿಸಿದ ಕಡೆಯೆಲ್ಲ ಸೈನ್ ಹಾಕಿ ಸಾಕಾಗಿ, ಒಂದು ದಿನ ರಾಜೀನಾಮೆಗೂ ಸೈನ್ ಹಾಕಿ ಹೊರಗೆ ಬಂದೆ. ಈಗ ತುರುವೇಕೆರೆ ತಾಲ್ಲೂಕು ಕಚೇರಿ ಎದುರು ಝೆರಾಕ್ಸ್ ಅಂಗಡಿ. ಜನ ಅರ್ಜಿ ಬರೆಸಲು ಬರುತ್ತಾರೆ, ಕಷ್ಟವನ್ನೂ ಜೊತೆಗೇ ತರುತ್ತಾರೆ. ಸುಳ್ಳು ಕಾಗದಕ್ಕೆ ಬಡವರ ಕೈಲಿ ಸೈನ್ ಹಾಕಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮುಚ್ಚಿಟ್ಟು ಏನು ಪ್ರಯೋಜನ, ಉರಿಯುತ್ತದೆ.

ಮೇಜಿನ ಮೇಲಿದ್ದ ಕಾಗದದಲ್ಲಿ ಹೀಗಿತ್ತು: ಕ್ಯಾಮೆರಾ ತೆಗೆದುಕೊಂಡದ್ದು ನಾನೇ, ತಪ್ಪಾಯಿತು, ಅದರ ಬೆಲೆ ಒಂದು ಲಕ್ಷ ಎಂಬತ್ತೈದು ಸಾವಿರವನ್ನು ಕಟ್ಟಿಕೊಡುತ್ತೇನೆ. ಸೈನ್ ಹಾಕಿದರೆ ಗ್ರೂಪಿನಿಂದ ಅವಳ ಫೋಟೋ ತೆಗೆಯುತ್ತಾರೆ. ಹಾಕದಿದ್ದರೆ ಮಧ್ಯಾಹ್ನ ಒಂದು ಗಂಟೆಗೆ ರವಿಕಿರಣ್ ಠಾಣೆಗೆ ಹೋಗುತ್ತಾನೆ. ಗೋಡೆಯ ಗಡಿಯಾರದಲ್ಲಿ ಆಗಲೇ ಹನ್ನೆರಡೂಕಾಲು.

ಫೋಟೋಗ್ರಾಫರ್‌ಗಳ ಸಂಘದ ಕೋಣೆಯಲ್ಲಿ ನಾವು ನಾಲ್ಕೇ ಜನ ಇದ್ದೆವು. ಕೆಳಗೆ ರಸ್ತೆಯಲ್ಲಿ ಕೊಬ್ಬರಿ ಮೂಟೆ ಹೇರಿದ ಲಾರಿಯೊಂದು ಹಾರನ್ ಬಾರಿಸುತ್ತ ಹಿಂದಕ್ಕೆ ಬರುತ್ತಿತ್ತು.

"ಹುಡ್ಗಿ, ಹಟ ಮಾಡ್ಬ್ಯಾಡ," ಎಂದರು ದೊಡ್ಡಣ್ಣ. "ಒಂದು ಸೈನ್ ತಾನೆ? ಹಾಕ್ಬುಡು. ಠಾಣೆ ಮೆಟ್ಲು ಹತ್ತೋದು ತಪ್ತದೆ."

ದೊಡ್ಡಣ್ಣ ಸಂಘದ ಅಧ್ಯಕ್ಷರು. ರೀಲಿನ ಕಾಲದಿಂದ ಫೋಟೋ ಹಿಡಿದವರು. ಈಗ ಕಣ್ಣು ಮಂಜಾಗಿ, ಹಳೇ ಕ್ಯಾಮೆರಾಗಳನ್ನು ಕೊಂಡು ಮಾರುವ ವ್ಯಾಪಾರ. ಕೆಟ್ಟ ಮನುಷ್ಯನಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವವರು. ಇಂಥವರಿಂದಲೇ ಅರ್ಧ ಅನ್ಯಾಯ ನಡೆಯುವುದು ಎಂದು ನನ್ನ ಅನುಭವ.

"ಸೈನ್ ಆಮೇಲಾಗ್ಲಿ ದೊಡ್ಡಣ್ಣೋರೆ. ಒಂದು ಮಾತು ಕೇಳ್ತೀನಿ," ಎಂದೆ. "ಆ ಕ್ಯಾಮೆರಾನ ನಾನೇ ನಿಮ್ಮಂಗ್ಡೀಗೆ ತಂದಿದ್ರೆ ಎಷ್ಟಕ್ಕೆ ತಗತಿದ್ರಿ?"

"ಹೊಸಾ ಮಾಡೆಲ್ ಬರೋಕ್ಮುಂಚೇನೋ, ಬಂದ್ಮೇಲೋ?"

"ಎಲ್ಡೂ ಹೇಳಿ."

"ಅದ್ಯಾಕೀಗ?" ರವಿಕಿರಣ್ ನಡುವೆ ಬಾಯಿ ಹಾಕಿದ.

"ಇರ್ಲಿ ಬುಡೋ, ವ್ಯಾಪಾರದ ಮಾತು ತಾನೆ," ಎಂದರು ದೊಡ್ಡಣ್ಣ. ವ್ಯಾಪಾರದ ಮಾತು ಬಂದರೆ ಅವರ ಮುಖವೇ ಅರಳುತ್ತದೆ. "ಯುಗಾದಿ ಹೊತ್ಗೆ ತಂದಿದ್ರೆ ಕಣ್ಮುಚ್ಕಂಡು ತೊಂಬತ್ತು ಸಾವ್ರ ಕೊಡ್ತಿದ್ದೆ ಕಣಮ್ಮ. ಆಮೇಲೆ ಒಳಗೆ ಕನ್ನಡಿ ಇಲ್ದಿರೋ ಈ ಮಿರರ್‌ಲೆಸ್ ಹೊಸಾದು ಬಂತಲ್ಲ? ಮದ್ವೆ ಮನೇವ್ರೇ ಕೇಳ್ತಾರೆ, ಯಾವ ಮಾಡೆಲ್‌ನಾಗೆ ತೆಗೀತೀರಿ ಅಂತ. ಲಗ್ನಪತ್ರಿಕೆ ಕೊಡೋಕ್ಮುಂಚೆ ಅದನ್ನ ಕೇಳ್ತಾರೆ! ಹಳೇವ್ನ ಮೂಸೋರಿಲ್ಲ. ಅದ್ರಲ್ಲೂ ರವೀದು ಎಲ್ಡು ಲಕ್ಷದ ಮೇಲೆ ಕ್ಲಿಕ್ಕಾಗೈತೆ. ಗಾಡಿಗೆ ಕಿಲೋಮೀಟ್ರು ನೋಡ್ದಂಗೆ ನಾವು ಕ್ಯಾಮೆರಾಕ್ಕೆ ಕ್ಲಿಕ್ಕು ನೋಡ್ತೀವಿ. ಸಾಲ್ದು ಅಂತ ಆ ಕಲೆ ಬೇರೆ."

"ಯಾವ ಕಲೆ?"

"ಒಳಗೆ ಸೆನ್ಸರು ಅಂತ ಇರ್ತದೆ. ಬೆಳಕು ಬೀಳೋ ಜಾಗ. ಹಾಲ್ಕುರಿಕೆ ಮದ್ವೇಲಿ ಧೂಳು ಕೂತೈತೆ ಅಂತ ಇವ್ನು ಪಂಚೆ ತುದೀಲಿ ಒರೆಸವ್ನೆ. ಪಂಚೇಲಿ! ಗೀರು ಬಿತ್ತು. ಅದರಲ್ಲಿ ಯಾವ ಫೋಟೋ ತೆಗ್ದ್ರೂ ಅದೇ ಜಾಗದಾಗೆ ಜೀರಿಗೆಯಷ್ಟು ಕಪ್ಪಗೆ ಕಾಣ್ತದೆ. ಅದ್ಕೇ ಮೂವತ್ತೆಂಟು ಅಂದೆ."

"ಅಂದೆ ಅಂದ್ರೆ? ಯಾರಿಗೆ ಅಂದ್ರಿ?"

ದೊಡ್ಡಣ್ಣ ನಾಲಿಗೆ ಕಚ್ಚಿಕೊಂಡರು. ಒಮ್ಮೆ ರವಿಕಿರಣ್‌ನ ಮುಖ ನೋಡಿದರು.

"ಶ್ರಾವಣದಾಗೆ ರವೀನೇ ತಂದಿದ್ದ," ಎಂದರು ಮೆಲ್ಲಗೆ.

ಮಾರಲು ಹೋದರೆ ಮೂವತ್ತೆಂಟು ಸಾವಿರ. ಕಳುವಾದರೆ ಒಂದು ಲಕ್ಷ ಎಂಬತ್ತೈದು! ನನ್ನ ಸರ್ವೀಸಿನಲ್ಲಿ ನೂರಾರು ಕಳವು ನೋಡಿದ್ದೇನೆ. ಕಳುವಾದ ಮೇಲೆ ಬೆಲೆ ಏರಿದ ಮಾಲನ್ನು ನೋಡಿದ್ದು ಇದೇ ಮೊದಲು.

"ನಾನು ಕೊಂಡ ಬೆಲೆ ಕೇಳ್ತಿದೀನಿ. ತಪ್ಪಾ?" ರವಿಕಿರಣ್ ಎದ್ದು ನಿಂತ. ನಲವತ್ತರ ಆಸುಪಾಸಿನ ಆಳು, ಬೆವರಿದರೆ ಕಿವಿ ಕೆಂಪಾಗುತ್ತದೆ. "ಮಾರೋಕೆ ಹೋಗಿದ್ದೆ, ನಿಜ. ಬೆಲೆ ಬರ್ಲಿಲ್ಲ, ವಾಪಸ್ ತಂದೆ. ಅಷ್ಟಕ್ಕೆ ನಾನೇ ಬಚ್ಚಿಟ್ಟೆ ಅಂತೀರಾ ಮೇಡಂ?"

ನಾನು ಹಾಗೆ ಅಂದೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಇದಕ್ಕೇ.

"ಕೂತ್ಕೊಳಿ," ಎಂದೆ. "ನಿಮ್ಮದೇ ಒಂದು ಫೋಟೋ ತೋರಿಸ್ತೀನಿ. ಚೆನ್ನಾಗಿದೆ."

ಚೀಲದಿಂದ ಮಯೂರಾಕ್ಷಿ ಡಿಜಿಟಲ್ಸ್‌ನವರ ಹೊಸ ವರ್ಷದ ಕ್ಯಾಲೆಂಡರ್ ತೆಗೆದು ಮೇಜಿನ ಮೇಲೆ ಬಿಚ್ಚಿದೆ. ಗಿರಾಕಿಗಳಿಗೆಲ್ಲ ಹಂಚಿದ್ದರು, ನಮ್ಮ ಬೀದಿಯ ಹೋಟೆಲಿನಲ್ಲೂ ಒಂದು ತೂಗುತ್ತಿತ್ತು. ಬಿಳಿ ಗೋಡೆಯ ಮುಂದೆ ದೇವರ ಪಟ, ಅದರ ಕೆಳಗೆ ಹಳದಿ ಬಟ್ಟೆ ಹಾಸಿದ ಮಣೆ. ಮಣೆಯ ಮೇಲೆ ಮೂರು ಕ್ಯಾಮೆರಾ, ಎರಡು ಫ್ಲ್ಯಾಶು, ಒಂದು ಡ್ರೋನು, ಪಕ್ಕದಲ್ಲಿ ಮೊಬೈಲ್ ಫೋನು. ಎಲ್ಲಕ್ಕೂ ವಿಭೂತಿ, ಕುಂಕುಮ, ಮೇಲೊಂದು ಚೆಂಡುಹೂವು.

"ಯಾವತ್ತು ತೆಗ್ದಿದ್ದು ಇದು?"

"ಕಾಣ್ತಿಲ್ವಾ? ಆಯುಧಪೂಜೆ ದಿನ."

"ಯಾವ ವರ್ಷದ್ದು?"

"ಈ ವರ್ಷದ್ದೇ. ಮಧ್ಯದಾಗೆ ಇರೋದು ಹೊಸಾ ಮಿರರ್‌ಲೆಸ್. ನವರಾತ್ರಿ ಎರಡನೇ ದಿನ ಡೆಲಿವರಿ ತಗಂಡೆ." ಅಷ್ಟು ಸಿಟ್ಟಿನಲ್ಲೂ ಅವನ ದನಿಯಲ್ಲಿ ಜಂಬ ಇಣುಕಿತು. ಹೊಸ ಕ್ಯಾಮೆರಾ ಕೊಂಡವರಿಗೆ ಅದೊಂದು ಕಾಯಿಲೆ.

"ಅಂದ್ರೆ ಹಳೇದು ಕಳುವಾಗಿ ಮೂರು ವಾರದ ಮೇಲೆ."

"ಹೂಂ."

"ನಿಮ್ಮ ಸ್ಟುಡಿಯೋದಲ್ಲಿ ಒಟ್ಟು ಎಷ್ಟು ಕ್ಯಾಮೆರಾ?"

"ಮೂರು."

"ಮೂರೂ ಮಣೆ ಮೇಲವೆ. ಫೋನಿಗೂ ಹೂವು ಮುಡಿಸಿದೀರಿ. ಹಂಗಾದ್ರೆ ಈ ಫೋಟೋ ಯಾವ ಕ್ಯಾಮೆರಾದಲ್ಲಿ ತೆಗೆದ್ರಿ?"

ಅವನು ಕ್ಯಾಲೆಂಡರಿನ ಕಡೆ ನೋಡಿದ. ಪಾಪ, ಎರಡು ಸಾವಿರ ಪ್ರತಿ ಅಚ್ಚು ಹಾಕಿಸಿ ಹಂಚಿದ್ದಾನೆ, ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ.

"ಭೀಮರಾಜು ಬಂದಿದ್ದ," ಎಂದ ಕೊನೆಗೆ. "ಬಸ್‌ಸ್ಟ್ಯಾಂಡ್ ಹತ್ರ ಸ್ಟುಡಿಯೋ ಇಟ್ಟವ್ನಲ್ಲ, ಅವ್ನು. ಅವ್ನ ಕ್ಯಾಮೆರಾದಾಗೆ ತೆಗ್ದ."

ನಾನು ಉತ್ತರ ಕೊಡಬೇಕಾಗಲಿಲ್ಲ. ದೊಡ್ಡಣ್ಣ ಕುರ್ಚಿಯಲ್ಲಿ ನೆಟ್ಟಗಾದರು.

"ಲೇ ರವಿ, ಆಯುಧಪೂಜೆ ದಿನ ಭೀಮರಾಜು ಕ್ಯಾಮೆರಾನೂ ಪೂಜೆಗೆ ಕೂತಿತ್ತಲ್ಲೋ! ನಾನೇ ಮಂಗಳಾರತಿಗೆ ಹೋಗಿದ್ದೆ. ಕುಂಕುಮ ಇಟ್ಟ ಮೇಲೆ ಮಾರನೇ ದಿನ ಕದಲಿಸೋಗಂಟ ಯಾವನ್ಲಾ ಕ್ಯಾಮೆರಾ ಎತ್ತುತಾನೆ?"

ಅದೇ ವಿಷಯ. ನಮ್ಮ ಕಡೆ ನೇಗಿಲಿರಲಿ, ಕಾಯಿ ಸುಲಿಯುವ ಮಚ್ಚಿರಲಿ, ಹೊಲಿಗೆ ಮಿಷನ್ನಿರಲಿ, ಪೂಜೆಗೆ ಕೂರಿಸಿದ ಮೇಲೆ ಯಾರೂ ಮುಟ್ಟುವುದಿಲ್ಲ. ಹಿಂದಿನ ವರ್ಷ ಸುಷ್ಮಿತಾ ಮರೆತು ಒಂದು ಕ್ಯಾಮೆರಾವನ್ನು ಸರಿಸಿದ್ದಕ್ಕೆ ಇದೇ ರವಿಕಿರಣ್ ಬೈದು ಅಳಿಸಿದ್ದನಂತೆ. ಅಂಥ ಭಕ್ತ! ಆವತ್ತು ಊರಿನಲ್ಲಿ ಒಂದು ಕ್ಯಾಮೆರಾವೂ ಬಿಡುವಾಗಿರಲಿಲ್ಲ. ಪೂಜೆಗೆ ಹೊರಗೆ ತೆಗೆದು ಕೂರಿಸಲಾಗದ ಒಂದು ಕ್ಯಾಮೆರಾ ಬಿಟ್ಟು.

ಸುಳ್ಳು ಹೇಳಲು ಅವನಿಗೆ ಹೆದರಿಕೆ ಇರಲಿಲ್ಲ. ಕುಂಕುಮ ಇಟ್ಟದ್ದನ್ನು ಎತ್ತಲು ಮಾತ್ರ ಹೆದರಿದ.

"ಇಲ್ನೋಡಿ ದೊಡ್ಡಣ್ಣೋರೆ." ಗೋಡೆಯ ಬಿಳಿಯ ಮೇಲೆ, ಪಟದ ಬಲಕ್ಕೆ, ಬೆರಳಿಟ್ಟೆ. ಜೀರಿಗೆಯಷ್ಟು ಕಪ್ಪು.

"ನೊಣ ಕೂತಿರ್ಬೇಕು," ಎಂದ ರವಿಕಿರಣ್.

"ಆಗ್ಲಿ, ನೊಣಾನೇ ಅನ್ಕೊಳ್ಳಣ." ಸುಷ್ಮಿತಾ ಕೊಟ್ಟಿದ್ದ ಒಂದು ಹಳೇ ಪ್ರತಿಯನ್ನು ಪಕ್ಕದಲ್ಲಿಟ್ಟೆ. ಎರಡು ವರ್ಷದ ಹಿಂದಿನ ಮದುವೆಯೊಂದರ ಫೋಟೋ, ತಿದ್ದುವ ಮೊದಲಿನದು. "ಇದು ಕಳುವಾದ ಕ್ಯಾಮೆರಾದ್ದು. ಎರಡೂ ಅಂಚು ಕತ್ತರಿಸದ ಪೂರ್ತಿ ಫೋಟೋ. ನೀವೇ ಮಡಚಿ ನೋಡಿ."

ದೊಡ್ಡಣ್ಣ ಮೇಜಿನ ಖಾನೆಯಿಂದ ಭೂತಗನ್ನಡಿ ತೆಗೆದರು. ಮದುವೆ ಫೋಟೋವನ್ನು ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಎರಡು ಸಲ ಮಡಚಿ ಬಿಚ್ಚಿದರು. ಹದಿನಾರು ಚೌಕವಾಯಿತು. ಬಲಗಡೆ ಮೇಲಿನ ಚೌಕದಲ್ಲಿ, ಮಡಿಕೆಗಳು ಕೂಡುವ ಮೂಲೆಗೆ ಒತ್ತಿಕೊಂಡು ಕಲೆ. ಆಮೇಲೆ ಕ್ಯಾಲೆಂಡರಿನ ಚಿತ್ರವನ್ನು ಹಾಗೆಯೇ ಮಡಚಿದರು. ಅದೇ ಚೌಕ, ಅದೇ ಮೂಲೆ. ಇದರಲ್ಲಿ ಸ್ವಲ್ಪ ದೊಡ್ಡದಾಗಿ ಕಂಡಿತು, ಚಿತ್ರವೇ ದೊಡ್ಡದಲ್ಲವೆ?

ದೊಡ್ಡಣ್ಣ ಭೂತಗನ್ನಡಿಯನ್ನು ಕೆಳಗಿಟ್ಟರು.

ಸುಷ್ಮಿತಾ ಕ್ಯಾಲೆಂಡರಿನ ಆ ಕಲೆಯ ಮೇಲೆ ಬೆರಳಿಟ್ಟಳು.

"ಎರಡು ವರ್ಷ ಪ್ರತಿಯೊಂದು ಫೋಟೋದಾಗೂ ಆ ಕಲೆ ಅಳಿಸಿದ್ದು ನಾನು ಸಾರ್. ಮದುಮಗಳ ಕೆನ್ನೆ ಮೇಲೆ ಬಂದ್ರೆ ಅಳಿಸ್ದೆ, ಪುರೋಹಿತರ ಹಣೆ ಮೇಲೆ ಬಂದ್ರೆ ಅಳಿಸ್ದೆ. ಒಂದೊಂದು ಮದ್ವೇಲಿ ಸಾವ್ರ ಫೋಟೋ. ಕಣ್ಣು ಉರಿಯೋಗಂಟ ಅಳಿಸ್ದೆ. ನನ್ನ ಕಳ್ಳಿ ಅಂತ ಓಡಿಸ್ದೇ ಇದ್ದಿದ್ರೆ ಈ ಕ್ಯಾಲೆಂಡರಿನಾಗೂ ಅಳಿಸಿರ್ತಿದ್ದೆ. ನಿಮ್ಮ ಮಾನ ಉಳೀತಿತ್ತು."

ನಿಜ ಹೇಳುತ್ತೇನೆ, ನನಗೆ ಕಣ್ಣು ತುಂಬಿ ಬಂತು.

"ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸ್ದಂಗಾಯ್ತಲ್ಲೋ ರವಿ!" ದೊಡ್ಡಣ್ಣ ಕಾಗದವನ್ನು ಎತ್ತಿಕೊಂಡು ನಾಲ್ಕು ಚೂರು ಮಾಡಿದರು. "ನನ್ನ ಕೈಲೂ ಈ ಪಾಪದ ಕೆಲ್ಸ ಮಾಡಿಸ್ತಿದ್ದಲ್ಲೋ. ಇವತ್ತೇ ಗ್ರೂಪಿನಾಗೆ ಬರೀತೀನಿ. ತಪ್ಪು ನಿಂದು ಅಂತ ನನ್ನ ಹೆಸ್ರಾಕಿ ಬರೀತೀನಿ."

ಅವರು ಫೋನು ತೆಗೆದು, ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಒತ್ತತೊಡಗಿದರು. ಗೆದ್ದೆವು ಅಂದುಕೊಂಡೆ. ಸುಷ್ಮಿತಾಳ ಭುಜದ ಮೇಲೆ ಕೈಯಿಟ್ಟೆ. ಭುಜ ಕಲ್ಲಿನ ಹಾಗೆ ಬಿಗಿದುಕೊಂಡಿತ್ತು. ಇಷ್ಟಾದ ಮೇಲೂ ಯಾಕೆ ಹೆದರುತ್ತಾಳೆ ಎಂದು ನನಗೆ ಅರ್ಥವಾಗಲಿಲ್ಲ.

"ತಡೀರಿ," ಎಂದ ರವಿಕಿರಣ್.

ಅವನು ಕೂತಿದ್ದ. ಕಿವಿಯ ಕೆಂಪು ಇಳಿದಿತ್ತು. ಸಿಕ್ಕಿಬಿದ್ದವನ ಮುಖ ಅದಾಗಿರಲಿಲ್ಲ.

"ಆಯ್ತು. ನನ್ನ ಹತ್ರನೇ ಇತ್ತು," ಎಂದ. "ನಾಲ್ಕು ವರ್ಷ ಕಣ್ಣಿಗೆ ಎಣ್ಣೆ ಬಿಟ್ಕಂಡು ದುಡ್ದಿದ್ದು ಆ ಕ್ಯಾಮೆರಾದಾಗೆ. ಒಂದು ಹೊಸಾ ಮಾಡೆಲ್ ಬಂತು ಅಂತ ಮೂವತ್ತೆಂಟು ಅಂದ್ರೆ ಹೊಟ್ಟೆ ಉರಿಯಲ್ವಾ? ಬುದ್ಧಿ ಕೆಡ್ತು. ನಮ್ಮನೆ ಅಟ್ಟದಾಗೆ ಕಾಯಿ ರಾಶಿ ಒಳಗೆ ಇಟ್ಟೆ. ಆಯುಧಪೂಜೆ ದಿನ ತೆಗ್ದೆ, ಫೋಟೋ ಹೊಡ್ದೆ, ಮತ್ತೆ ಅಲ್ಲೇ ಇಟ್ಟೆ."

ಕೊಬ್ಬರಿ ಮಾಡಲು ನಮ್ಮ ಸೀಮೆಯಲ್ಲಿ ಕಾಯಿಯನ್ನು ವರ್ಷವಿಡೀ ಅಟ್ಟದ ಮೇಲೆ ಒಣಗಲು ಬಿಡುತ್ತಾರೆ. ಅಷ್ಟು ದಿನ ಆ ರಾಶಿಯನ್ನು ಯಾರೂ ಕೆದಕುವುದಿಲ್ಲ. ಏನನ್ನಾದರೂ ಬಚ್ಚಿಡಬೇಕೆಂದರೆ ಇಲ್ಲಿಯವರಿಗೆ ಬೇರೆ ಜಾಗವೇ ಹೊಳೆಯುವುದಿಲ್ಲ.

"ಹಂಗಾದ್ರೆ ತಂದುಕೊಡು," ಎಂದೆ. ನನ್ನ ಬಾಯಲ್ಲಿ ಬಹುವಚನ ಮುಗಿದುಹೋಗಿತ್ತು.

"ಅದೇ ಕಣ್ರೀ ಮೇಡಂ ತಮಾಷೆ. ಇಲ್ಲ!" ಅವನು ನಕ್ಕ. "ಹೋದ ವಾರ ಹತ್ತಿ ನೋಡಿದ್ರೆ ಇಲ್ಲ. ರಾಶಿ ಪೂರ್ತಿ ಮಗುಚಿದೆ. ಇಲ್ಲ. ನಾನು ಹೇಳಿದ್ದ ಸುಳ್ಳು ನಿಜ ಆಗೋಗೈತೆ. ಯಾರ್ನ ಕೇಳ್ಲಿ? ಅವ್ವನ್ನ ಕೇಳೋಣ ಅಂದ್ರೆ, ಕಳುವಾಗಿರೋ ಕ್ಯಾಮೆರಾ ಅಟ್ಟದಾಗೆ ಕಾಣ್ತಿಲ್ಲ ಅಂತ ಕೇಳ್ಲಾ?"

ದೊಡ್ಡಣ್ಣನ ಬೆರಳು ಫೋನಿನ ಮೇಲೆಯೇ ನಿಂತಿತು.

"ಈಗ ನೀವೆಲ್ಲ ಬಯಲು ಮಾಡಿದ್ರಲ್ಲ, ನನಗಿನ್ನೇನು ಹೆದ್ರಿಕೆ? ಸುಳ್ಳು ಹೇಳಿದ್ದಕ್ಕೆ ಗ್ರೂಪಿನಾಗೆ ಉಗೀರಿ, ಉಗಿಸ್ಕತೀನಿ. ಆದ್ರೆ ಮನೆಗೆ ನುಗ್ಗಿ ಕದ್ದೋರನ್ನ ಬಿಡಲ್ಲ. ಇದು ಅಸಲೀ ಕಳವು, ಅಸಲೀ ಕಂಪ್ಲೇಂಟು." ಅವನು ಫೋನು ತೆಗೆದು ನಂಬರು ಒತ್ತಿದ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ರಿಂಗಾಯಿತು. ಮೂರು ಸಲ, ನಾಲ್ಕು ಸಲ.

"ಯಾರಪ್ಪಾ? ರವೀನಾ?" ಮುದುಕಿಯ ದನಿ.

"ಹೂಂ ಕಣವ್ವ. ನಾನಿಲ್ದಾಗ ಅಟ್ಟಕ್ಕೆ ಯಾರಾದ್ರೂ ಹತ್ತಿದ್ರಾ?"

"ಅಟ್ಟಕ್ಕಾ? ಹೂಂ ಕಣಪ್ಪ, ಕಾಯಿ ಒಣಗೈತಾ ಅಂತ ಅಲ್ಲಾಡ್ಸಿ ನೋಡಾಕೆ ನಂಗೆ ಹತ್ತಾಕಾಗ್ದು ಅಂತ ಒಬ್ಳು..."

"ಫೋನ್ ಇಡಿ ಸಾರ್!"

ಸುಷ್ಮಿತಾ ಎದ್ದು ನಿಂತಿದ್ದಳು. ನನ್ನ ಕೈ ಅವಳ ಭುಜದಿಂದ ಜಾರಿತು.

"ಬೋರಮ್ಮಜ್ಜೀನ ಯಾಕೆ ಸಾಕ್ಷಿ ಮಾಡ್ತೀರಾ? ಅವ್ರಿಗೇನೂ ಗೊತ್ತಿಲ್ಲ. ಅದನ್ನ ತಗಂಡಿದ್ದು ನಾನು."

ದೊಡ್ಡಣ್ಣ ಕೈಲಿದ್ದ ಫೋನನ್ನು ಕೆಳಗಿಟ್ಟರು.

"ಕ್ಯಾಲೆಂಡರ್ ನೋಡಿದ ದಿನವೇ ಗೊತ್ತಾಯ್ತು, ಕ್ಯಾಮೆರಾ ನಿಮ್ಮತ್ರನೇ ಐತೆ ಅಂತ," ಎಂದಳು. "ಮದ್ವೆ ಪರದೆ ತರೋಕೆ ಅಂತ ನೀವೇ ನನ್ನ ಎಷ್ಟು ಸಲ ಆ ಅಟ್ಟಕ್ಕೆ ಹತ್ತಿಸಿಲ್ಲ? ಹೋದೆ, ಹುಡುಕ್ದೆ, ಸಿಕ್ತು. ತಗಂಬಂದೆ. ಮಾರೋಕಲ್ಲ. ನೀವು ಅದನ್ನ ಕೆರೆಗೆ ಎಸೆದ್ರೆ ನನ್ನ ಮಾತು ನಂಬೋರ್ಯಾರು? ಕಳ್ಳಿ ಅಂತ ನಾಲ್ಕು ತಿಂಗ್ಳು ಅನ್ನಿಸ್ಕಂಡೆ ಸಾರ್. ಅನ್ನಿಸ್ಕಂಡ ಮೇಲೆ ತಗಂಡೆ. ಏನೀಗ?"

ಯಾವ ಕೋರ್ಟೂ ಒಪ್ಪದ ಮಾತು. ನನಗೆ ಮಾತ್ರ ಅದರಲ್ಲಿ ಒಂದು ತಪ್ಪೂ ಕಾಣಲಿಲ್ಲ. ಆದರೆ ಇಪ್ಪತ್ತೇಳು ವರ್ಷದ ಸರ್ವೀಸು ಸುಮ್ಮನಿರಲು ಬಿಡುತ್ತದೆಯೇ? ಮನೆ ಹೊಕ್ಕು ತೆಗೆದದ್ದು, ಬಾಯಾರೆ ಒಪ್ಪಿದ್ದು, ಮೂರು ಸಾಕ್ಷಿ. ಕಾಗದಕ್ಕೆ ಸೈನ್ ಹಾಕದೆ ಗೆದ್ದವಳು ಈಗ ತಾನಾಗಿಯೇ ಸೋತಿದ್ದಳು.

"ಎಲ್ಲೈತವ್ವ ಅದು ಈಗ?" ದೊಡ್ಡಣ್ಣ ಕೇಳಿದರು.

ಸುಷ್ಮಿತಾ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು. ತಲೆ ಮಾತ್ರ ತಗ್ಗಿರಲಿಲ್ಲ.

"ಬೈಬೇಡಿ ಗಂಗಕ್ಕ. ನಿಮ್ಮ ಅಂಗ್ಡೀಲೇ ಇಟ್ಟಿದೀನಿ. ಪೇಪರ್ ಖಾಲಿಯಾದ ಬಾಕ್ಸಿನೊಳಗೆ. ಒಂಬತ್ತು ದಿನ ಆಯ್ತು."

ಮೇಜಿನ ಮೇಲಿನ ಫೋನಿನಲ್ಲಿ ಬೋರಮ್ಮ ಇನ್ನೂ "ಹಲೋ, ಹಲೋ" ಅನ್ನುತ್ತಿದ್ದರು. ರವಿಕಿರಣ್ ಆ ಕರೆ ಕತ್ತರಿಸಿದ. ಆಮೇಲೆ ನನ್ನ ಮುಖವನ್ನೇ ನೋಡುತ್ತ ಪೊಲೀಸ್ ಠಾಣೆಯ ನಂಬರು ಒತ್ತಿದ.